ಬಿಲ್ಲಿಗಾಗಿ ದಂಡೆತ್ತಿದ ಶೇಖಪ್ಪ

ಪುನರ್ವಸು ಮಳೆ ಹದವಾಗಿ ಸುರಿದು, ಗೋವಿನಜೋಳವು ಮೊಣಕಾಲೆತ್ತರಕ್ಕೆ ಬೆಳೆದು, ಯೂರಿಯಾ ಕಾಣದೆ ಹಳದಿ ತಿರುಗುತ್ತಿದ್ದ ಆ ಪುಣ್ಯಯುಗದಲ್ಲಿ, ಒಂದೇ ಚೀಲಕ್ಕೆ ಹಳ್ಳದ ಈಚೆ ಒಂದು ದರ, ಆಚೆ ಇನ್ನೊಂದು ದರ, ಗುರುತಿನವರಿಗೆ ಮತ್ತೊಂದು ದರವಿದ್ದು, ಚೀಲದ ಮೇಲೆ ಅಚ್ಚಾದ ದರ ಮಾತ್ರ ಚಂದ್ರನಂತೆ ಎಲ್ಲರ ಕಣ್ಣಿಗೂ ಬಿದ್ದು ಯಾರ ಕೈಗೂ ಎಟುಕದಿದ್ದ ಆ ಧರ್ಮಕಾಲದಲ್ಲಿ, ಕರ್ದಮಲಿಪ್ತಚರಣನೂ, ಮೂರೆಕರೆಮಂಡಲಾಧೀಶ್ವರನೂ, ಜೀರ್ಣದ್ವಿಚಕ್ರಾರೂಢನೂ ಆದ ಬಸಾಪುರದ ಶೇಖಪ್ಪನು ಸಮರಸನ್ನದ್ಧನಾದನು. ಹಿಂದಿನ ವೀರರು ಬಿಲ್ಲು ಹಿಡಿದು ಯುದ್ಧಕ್ಕೆ ಹೋಗುತ್ತಿದ್ದರು; ಈತ ಬಿಲ್ಲಿಗಾಗಿಯೇ ಹೊರಟನು.

ವೀರಪತ್ನಿ ಸಾವಂತ್ರೆವ್ವ ಆರತಿ ಎತ್ತಲಿಲ್ಲ. ಐನೂರು ರೂಪಾಯಿ ಎಣಿಸಿ ಕೊಟ್ಟಳು. ಅಚ್ಚಿನ ದರದ ಬಾಲವಾದ ಐವತ್ತು ಪೈಸೆಗೆಂದು ಕುಂಕುಮದ ಭರಣಿಯಿಂದ ಹಳೆಯ ಎಂಟಾಣೆಯೊಂದನ್ನೂ ತೆಗೆದಳು.

"ಎರಡನೂರಾ ಅರವತ್ತಾರೂವರಿ ಅಂತ ಚೀಲದ ಮ್ಯಾಲ ಬರದೈತಿ. ಅಷ್ಟ ಕೊಡ್ರಿ, ಬಿಲ್ ತಗೊಂಡ ಬರ್ರಿ. ಉಳಿದಿದ್ದು ಕಳೆ ತಗಿಯೂ ಚನ್ನವ್ವನ ಕೂಲಿಗೆ. ಸಂಜಿಗೆ ಆಕಿ ಬದುವಿನ ಮ್ಯಾಲ ಕುಂತಿರ್ತಾಳ ನೋಡ್ರಿ."

ದಾರಿಯುದ್ದಕ್ಕೂ ಶೇಖಪ್ಪನ ಮನದಲ್ಲಿ ರಣಘೋಷ ಮೊಳಗಿತು: 'ಎಲೈ ಗೊಬ್ಬರಕುಬೇರನೇ, ಮುದ್ರಿತದರಭಂಜಕನೇ, ಬಿಲ್ಲನ್ನು ಇತ್ತಲ್ಲದೆ ನಿನ್ನನ್ನು ಬಿಡುವವನಲ್ಲ ನಾನು!' ಅರ್ಧಕ್ಕಿಳಿದ ಶಟರಿನ ಹಿಂದೆ, ಉದ್ದರಿನಿಷೇಧಫಲಕದ ಕೆಳಗೆ ವಿರಾಜಮಾನನಾಗಿದ್ದ ಅಂದಾನಪ್ಪ ಸಾವ್ಕಾರನ ಎದುರು ನಿಂತಾಗ ಆ ಸಿಂಹನಾದವು ಹೀಗೆ ಹೊರಬಿತ್ತು:

"ಸಾವ್ಕಾರ್ರ, ಒಂದ್ ಚೀಲ ಯೂರಿಯಾ... ಬಿಲ್ ಕೊಡ್ತೀರೇನ್ರಿ?"

"ಬಿಲ್ ಬೇಕಂದ್ರ ಸ್ಟಾಕ್ ಇಲ್ಲ. ಬ್ಯಾಡಂದ್ರ ಐತಿ, ನಾಲ್ಕನೂರು."

ಒಂದೇ ಚೀಲವು ಏಕಕಾಲಕ್ಕೆ ಇರುವುದನ್ನೂ ಇಲ್ಲದಿರುವುದನ್ನೂ ಕಂಡ ಶೇಖಪ್ಪ, ಕ್ಷಣಕಾಲ ವೇದಾಂತಿಯಾದರೂ, ಮರುಕ್ಷಣವೇ ಕ್ಷಾತ್ರವನ್ನು ತಾಳಿ, ಇನ್ನೂರ ಅರವತ್ತಾರು ರೂಪಾಯಿಯ ಮೇಲೆ ಎಂಟಾಣೆಯನ್ನು ವಜ್ರಾಯುಧದಂತೆ ಅಪ್ಪಳಿಸಿದನು.

"ಅಚ್ಚಿನ ದರಕ್ಕಿಂತ ಒಂದ್ ಪೈಸೆ ಹೆಚ್ಚಿಗಿ ಕೊಡಂಗಿಲ್ರಿ! ಬಿಲ್ ಇಲ್ದ ಹೊಳ್ಳಿ ಹೋಗಂಗಿಲ್ಲ!"

ಸಾಲಿನ ಹಿಂದಿನಿಂದ ಬೆಂಬಲದ ಸೇನೆ ಗರ್ಜಿಸಿತು: "ಯಣ್ಣಾ, ನಿನ್ನ ಕುಸ್ತಿ ಆಮ್ಯಾಲ ಹಿಡಿಯೋ! ನಿನ್ನ ಕಾಲಾಗ ನಮ್ಮ ಬೆಳಿ ಒಣಗೂದೈತಿ!"

ಸಾವ್ಕಾರ ನಿಧಾನವಾಗಿ ಎಲೆಯಡಿಕೆ ಉಗಿದು ಬಂದು ಕುಳಿತನು. "ಬಿಲ್ ಬೇಕಲ್ಲ ನಿಮಗ? ಕೊಡ್ತೇನಿ. ಅಚ್ಚಿನ ದರದ್ದ ಕೊಡ್ತೇನಿ. ರೊಕ್ಕ ಮಾತ್ರ ನಾಲ್ಕನೂರು. ಮತ್ತ ಈ ಔಷಧದ ಬಾಟ್ಲಿ ನೂರು."

"ಬಾಟ್ಲಿ ಯಾವಂಗ ಬೇಕಾಗೇತ್ರಿ?"

"ಯಾರಿಗೂ ಬ್ಯಾಡ. ಯೂರಿಯಾ ಬೇಕಂದ್ರ ಇದನ್ನೂ ತಗೋಬೇಕು, ಇದಕ್ಕ ಲಿಂಕ್ ಅಂತಾರ. ಮ್ಯಾಲಿನವ್ರು ನನಗ ಹಚ್ಚ್ಯಾರ, ನಾ ನಿಮಗ ಹಚ್ತೇನಿ. ಒಲ್ಲೆಂದ್ರ ಬಿಡ್ರಿ, ಹಿಂದ ಇಪ್ಪತ್ತ ಮಂದಿ ಅದಾರ."

ಶೇಖಪ್ಪನ ಕಣ್ಣ ಮುಂದೆ ಮೂರೆಕರೆ ಹಳದಿ ಹಾಯ್ದುಹೋಯಿತು. ನೆಲದ ಹಸಿ ಇನ್ನೆರಡು ದಿನವೂ ನಿಲ್ಲದು. ವೀರನು ಉಳಿದ ನೋಟುಗಳನ್ನು ಒಂದೊಂದಾಗಿ ರಣದೇವತೆಗೆ ಅರ್ಪಿಸಿದನು. ಸಾವ್ಕಾರ ನೋಟುಗಳನ್ನು ಒಳಗೆ ಹಾಕಿಕೊಂಡು, ಎಂಟಾಣೆಯನ್ನು ಬೆರಳ ತುದಿಯಿಂದ ಇತ್ತ ನೂಕಿದನು.

"ಇದು ನಡಿಯಂಗಿಲ್ಲ, ಇಟ್ಕೋರಿ. ನಿಮ್ಮ ಹಟಕ್ಕ ಡಿಸ್ಕೌಂಟ್ ಅಂತ ತಿಳಕೋರಿ."

ಹೀಗೆ ಸೈಕಲ್ಲಿನ ಹಿಂದೆ ಚೀಲವನ್ನು, ಹ್ಯಾಂಡಲಿಗೆ ಬಾಟಲಿಯನ್ನು, ಎದೆಯ ಜೇಬಿನಲ್ಲಿ ಬಿಲ್ಲನ್ನು ಧರಿಸಿ ವಿಜಯಿಯು ಸಂಜೆಗೆ ಹೊಲ ಸೇರಿದನು. ಬದುವಿನ ಮೇಲೆ ಚನ್ನವ್ವ ಕೈಗೆ ಹತ್ತಿದ ಮಣ್ಣು ಉಜ್ಜಿಕೊಳ್ಳುತ್ತ ಕುಳಿತಿದ್ದಳು. ಸಾವಂತ್ರೆವ್ವ ಬಿಲ್ಲನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು.

"ಎರಡನೂರಾ ಅರವತ್ತಾರೂವರಿ! ಗೆದ್ದ ಬಂದ್ರಲ್ಲ! ಎಲ್ಲೈತಿ, ಉಳಿದಿದ್ದು ಕೊಡ್ರಿ ಮತ್ತ. ಚನ್ನವ್ವ ಕಾಯಾಕತ್ತ್ಯಾಳ."

ತಾನೇ ಗೆದ್ದು ತಂದ ಬಿಲ್ಲು ತನ್ನ ಎದೆಗೇ ಗುರಿಯಿಟ್ಟಿದ್ದನ್ನು ಶೇಖಪ್ಪ ಆಗ ಕಂಡನು. ಜೇಬಿಗೆ ಕೈ ಹಾಕಿ, ಬಹಳ ಹೊತ್ತು ತಡಕಾಡಿ, ಹೆಂಡತಿಯ ಅಂಗೈಯ ಮೇಲೆ ಇಟ್ಟನು.

ಎಂಟಾಣೆ.