ಪಾದ್ರಿ ಬಂಗಲೆಯ ಎಡಗಡೆ

೧೯೫೬, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಸುಭದ್ರಾ, ಗೋಡೆ ಕೆಲಸದ ಗೌಂಡಿ ಹುಸೇನಸಾಬ. ಏಳಕ್ಕೆ ಬರಹೇಳಿದ್ದ ಗೌಂಡಿ ಏಳಕ್ಕೇ ಬಂದ. ಇದು ಎಲ್ಲ ದಿನಗಳಂಥ ದಿನವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮೊದಲು ನನ್ನ ದೌರ್ಬಲ್ಯ ಒಪ್ಪಿಕೊಂಡುಬಿಡುತ್ತೇನೆ. ಎಡಗಡೆ ಇದ್ದದ್ದು ಬಲಗಡೆಯೂ ಇರದಿದ್ದರೆ ನನಗೆ ಊಟ ಸೇರುವುದಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ. ಪ್ರಾರ್ಥನೆಗೆ ಐದು ನಿಮಿಷ, ಪ್ರಾರ್ಥನೆಯ ಸಾಲು ನೆಟ್ಟಗಾಗಲಿಕ್ಕೆ ಹದಿನೈದು ನಿಮಿಷ. ನನ್ನ ಮದುವೆಯ ಫೋಟೋದಲ್ಲಿ ಒಂದು ಮಗ್ಗುಲಿಗೆ ನಾಲ್ವರು, ಇನ್ನೊಂದು ಮಗ್ಗುಲಿಗೆ ಐವರು ನಿಂತಿದ್ದರು. ಐದನೆಯವನನ್ನು ನಾನೇ ಕೈ ಹಿಡಿದು ಆಚೆ ಕಳಿಸಿದೆ. ಆತ ಸುಭದ್ರಾಳ ಅಣ್ಣ, ಇಳಕಲ್ಲಿನಲ್ಲಿ ಸೀರೆ ವ್ಯಾಪಾರಿ. ಇಂದಿಗೂ ನನ್ನೊಡನೆ ಮಾತಿಲ್ಲ. ಈ ಅಣ್ಣನನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ನಿವೃತ್ತನಾದ ಮೇಲೆ ಕಲಾದಗಿಯಲ್ಲಿ, ಬೀಗ ಬಿದ್ದ ಹಳೆಯ ಚರ್ಚಿನ ಪಕ್ಕದ ಪಾದ್ರಿ ಬಂಗಲೆ ಬಾಡಿಗೆಗೆ ಇದೆಯೆಂದು ಕೇಳಿ ನೋಡಹೋದೆ. ನೋಡಿದವನು ಅಲ್ಲೇ ನಿಂತುಬಿಟ್ಟೆ. ಸರಿಯಾಗಿ ನಡುವೆ ಬಾಗಿಲು. ಬಾಗಿಲ ನೆತ್ತಿಯ ಮೇಲೆ ಬೀಸಣಿಗೆ ಬಿಚ್ಚಿಟ್ಟಂತೆ ಗಾಜಿನ ಅರ್ಧಚಂದ್ರ. ಎಡಕ್ಕೆರಡು ಕಿಟಕಿ, ಬಲಕ್ಕೆರಡು ಕಿಟಕಿ, ಮಾಡಿನ ಎರಡು ತುದಿಗೆ ಒಂದೊಂದು ಹೊಗೆಗೊಳವೆ. ವಿಲಾಯತಿನಲ್ಲಿ ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರ ಹಿಂದೊಬ್ಬರು ಆಳಿದ ಕಾಲಕ್ಕೆ ದೊಡ್ಡ ಚರ್ಚುಗಳ ಪಕ್ಕದಲ್ಲಿ ಪಾದ್ರಿಗಳ ಮನೆ ಹೀಗೇ ಕಟ್ಟುತ್ತಿದ್ದರಂತೆ. ಆ ಮಾದರಿಯನ್ನು ಯಾರೋ ತಲೆಯಲ್ಲಿ ಹೊತ್ತು ತಂದು ನಮ್ಮೂರ ಕಲ್ಲಿನಲ್ಲಿ ಎಬ್ಬಿಸಿದ್ದರು. ಎರಡೂ ಪಕ್ಕದ ಗೋಡೆಗಳ ನಡುವೆ ಒಂದೊಂದು ಸುಳ್ಳು ಕಿಟಕಿ ಬೇರೆ. ಹೊರಗೆ ಚೌಕಟ್ಟು, ಕದ, ಹಸಿರು ಬಣ್ಣ ಎಲ್ಲ ಉಂಟು, ಹಿಂದೆ ಮಾತ್ರ ಗಟ್ಟಿ ಗೋಡೆ. ಒಳಗಿನವರಿಗೆ ಗಾಳಿ ಬರಲಿ ಬಿಡಲಿ, ಹೊರಗಿನಿಂದ ನೋಡಿದರೆ ಗೋಡೆ ಬೋಳಾಗಿ ಕಾಣಬಾರದು. ನನ್ನ ಮನಸ್ಸು ಬಲ್ಲವರೇ ಕಟ್ಟಿದ ಮನೆ.

ಬಲಗಡೆಯ ಕೋಣೆಯಲ್ಲಿ ಚಳಿ ಕಾಯಿಸುವ ಬೆಂಕಿಗೂಡೂ ಇತ್ತು. ನಮ್ಮ ಬಿಸಿಲಿಗೆ ಅದೇಕೆ? ನಾನು ಅದರಲ್ಲಿ ಕೊಡೆ ಮತ್ತು ಚಪ್ಪಲಿ ಇಡುತ್ತಿದ್ದೆ. ಎಡಗಡೆಯ ಕೋಣೆಯಲ್ಲಿ ಬರೀ ಗೋಡೆ. ಹಾಗಾಗಿ ಎಡಗಡೆಯ ಹೊಗೆಗೊಳವೆ ಬರೀ ಚಂದಕ್ಕೆ ಕಟ್ಟಿದ್ದು ಎಂದು, ಬಂದವರಿಗೆಲ್ಲ ಬೆತ್ತ ಎತ್ತಿ ತೋರಿಸಿ ಪಾಠ ಹೇಳುತ್ತಿದ್ದೆ.

ತೊಂದರೆ ಅಡುಗೆಮನೆಯದು. ಅದು ಹಿತ್ತಲಲ್ಲಿ, ಮೂವತ್ತೆರಡು ಹೆಜ್ಜೆ ದೂರ. “ನಿಮ್ಮ ಪಾದ್ರಿ ಅಡಗಿ ಮಾಡಿದವನಲ್ಲ, ಉಂಡವ. ಅದಕ್ಕ ಹಿಂಗ ಕಟ್ಟಿಸ್ಯಾನ” ಎಂದು ಸುಭದ್ರಾ ಒಂದು ಮಳೆಗಾಲ ಕಳೆಯುವುದರೊಳಗೆ ಒಲೆಯನ್ನು ಎಡಗಡೆಯ ಕೋಣೆಗೆ ತಂದಳು. ಒಲೆಯ ಜೊತೆಗೆ ಹೊಗೆಯೂ ಬಂತು, ಬಂದದ್ದು ಹೋಗಲಿಲ್ಲ.

“ಆ ಸುಳ್ಳ ಕಿಟಕಿ ಒಡಸಿ ಖರೇದ್ದ ಮಾಡಸ್ರಿ” ಎಂದಳು.

“ಹಂಗ ಮಾಡಿದ್ರ ಎಡಗಡೆ ತೆರೆದದ್ದು, ಬಲಗಡೆ ಮುಚ್ಚಿದ್ದು ಆಗ್ತದ.”

“ನನ್ನ ಎರಡೂ ಕಣ್ಣು ಒಂದ ಸಮ ಕೆಂಪಾಗ್ಯಾವ. ಅದು ಚಂದ ಕಾಣಸ್ತದೇನು ನಿಮಗ?”

ನಾನು ಬೆತ್ತ ಹಿಡಿದು ಹೊರಗೆ ಹೊರಟೆ. “ಭಾನುವಾರ ಸಂಜಿಗೆ ಈ ಕೋಣ್ಯಾಗ ಹೊಗಿ ಇತ್ತಂದ್ರ, ಸೋಮವಾರ ಮುಂಜಾನಿ ಬಸ್ಸಿಗೆ ನಾ ಇಳಕಲ್ಲಿಗೆ, ಅಣ್ಣನ ಮನಿಗೆ” ಎಂದಳು. ಹೋದ ಹೆಂಡತಿಯನ್ನು ಕರೆತರಲು ಆ ಅಣ್ಣನ ಹೊಸ್ತಿಲು ತುಳಿಯಬೇಕು. ಶನಿವಾರವೇ ಗೌಂಡಿಗೆ ಹೇಳಿಕಳಿಸಿದೆ.

ಹುಸೇನಸಾಬ ಒಳಗಿನ ಗೋಡೆಯನ್ನು ಬೆರಳಿನಿಂದ ತಟ್ಟಿದ. “ಮಾಸ್ತರ, ಗ್ವಾಡಿ ಪೊಳ್ಳ ಐತ್ರಿ.”

“ಪೊಳ್ಳ ಹ್ಯಾಂಗಿರ್ತದ? ನಾ ಹೇಳತೇನಿ, ಹೊಡಿ.” ಕಿಟಕಿ ಓರೆಯಾಗಬಾರದೆಂದು ನಾನು ಒಗೆದ ಧೋತರ ಉಟ್ಟು, ಕೈಯಲ್ಲಿ ಅಳತೆಪಟ್ಟಿ ಹಿಡಿದು, ಗೋಡೆಗೆ ಮಗ್ಗುಲಾಗಿ ನಿಂತಿದ್ದೆ. ನಾಲ್ಕನೆಯ ಏಟಿಗೆ ಒಂದು ಕಲ್ಲು ಸರಿಯಿತು. ಗೋಡೆಯೊಳಗೆ ಅಡಗಿದ್ದ ಹೊಗೆದಾರಿಯಿಂದ, ಎಷ್ಟೋ ಪಾದ್ರಿಗಳು ಚಳಿ ಕಾಯಿಸಿದ ಮಸಿಯೆಲ್ಲ ಧಸಕ್ಕನೆ ನನ್ನ ಮೇಲೆ ಬಿತ್ತು.

ಸುಭದ್ರಾ ಓಡಿ ಬಂದು ನೋಡಿದಳು. “ಅಯ್ಯ, ಎಡಗಡೆ ಅಷ್ಟ ಕರ್ರಗಾಗೀರಿ! ಬಲಗಡೆ ಹಂಗ ಉಳದದಲ್ರಿ!”

ಹುಸೇನಸಾಬ ಕೆಳಗಿನ ಗಾರೆ ಕೆತ್ತಿದ. “ಅವ್ವಾರ, ಇಲ್ಲಿ ಒಲಿ ಐತ್ರಿ. ಯಾರೋ ಕಲ್ಲ ತುಂಬಿ ಮೆತ್ತ್ಯಾರ. ಬಲಗಡೆ ಕೋಣ್ಯಾಗ ಇದ್ದಂಗ ಐತಿ.”

ಸುಭದ್ರಾ ನನ್ನ ಕಡೆ ತಿರುಗಿದಳು. “ಬಲಗಡೆ ಇದ್ದದ್ದು ಎಡಗಡೆ ಇರಬೇಕಂತ ಮೂವತ್ತು ವರ್ಷ ನನ್ನ ತಲಿ ತಿಂದ್ರಿ. ಖರೇನ ಇದ್ದಾಗ ನಿಮಗ ಕಾಣಲಿಲ್ಲೇನು?”

ಇಂಥ ಪ್ರಶ್ನೆಗೆ ಸ್ನಾನಕ್ಕೆ ಹೋಗುವುದೇ ವಾಸಿ. ನಾನು ಎರಡು ಸಲ ಸ್ನಾನ ಮಾಡಿ ಬರುವಷ್ಟರಲ್ಲಿ ಗೂಡು ತೆರೆದಿತ್ತು, ಸರಿದ ಕಲ್ಲು ಮರಳಿ ಕೂತಿತ್ತು, ಸಾರಿಸಿಯಾಗಿತ್ತು, ರಂಗೋಲಿಯೂ ಬಿದ್ದಿತ್ತು. “ಪಾದ್ರಿ ಕಾಲ ಕಾಯಿಸಿದ ಜಾಗಾ ಅದು” ಎಂದೆ. “ಕಾಯಿಸಿಕೊಳ್ಳಲಿ ಬಿಡ್ರಿ ಪಾಪ. ಬೆಂಕಿಗೇನು ಮೈಲಿಗಿ?” ಎಂದು ಅವಳು ಹೆಂಚು ಇಟ್ಟಳು. ಹೊಗೆ ಒಮ್ಮೆ ಕೋಣೆಯತ್ತ ಇಣುಕಿ, ಮನಸ್ಸು ಬದಲಿಸಿ, ನೆಟ್ಟಗೆ ಮೇಲೆ ಹೋಯಿತು. ಸುಭದ್ರಾ ಕಣ್ಣು ಒರೆಸಿಕೊಳ್ಳದೆ ರೊಟ್ಟಿ ಬಡಿದಳು. ಇಳಕಲ್ಲಿಗೆಂದು ಕಟ್ಟಿಟ್ಟ ಸೀರೆಯ ಗಂಟು ತಾನೇ ಪೆಟ್ಟಿಗೆಗೆ ಮರಳಿತು. ಕಿಟಕಿ ಒಡೆಯುವ ಮಾತೂ ನಿಂತಿತು. ಗೆದ್ದೆನೆಂದು ಹಿಗ್ಗಿ, ಮನೆಯನ್ನೊಮ್ಮೆ ಕಣ್ತುಂಬ ನೋಡಲು ಬೀದಿಗೆ ಹೋದೆ.

ಎಡಗಡೆಯ ಗೊಳವೆಯಿಂದ ಹೊಗೆ ಏಳುತ್ತಿತ್ತು. ಬಲಗಡೆಯದು ಖಾಲಿ.

ಮನಸ್ಸು ಗಟ್ಟಿ ಮಾಡಿ ಐದು ನಿಮಿಷ ನಿಂತೆ. ಆರನೆಯ ನಿಮಿಷಕ್ಕೆ ಒಳಗೆ ಹೋಗಿ, ಬಲಗಡೆಯ ಗೂಡಿನಿಂದ ಕೊಡೆ, ಚಪ್ಪಲಿ ತೆಗೆದು, ಸಗಣಿಯ ನಾಲ್ಕು ಕುಳ್ಳು ಒಟ್ಟಿ ಕಡ್ಡಿ ಗೀರಿದೆ. ಮಾರ್ಚ್ ತಿಂಗಳ ಕಲಾದಗಿ; ಕೋಣೆ ಕುಲುಮೆಯಾಯಿತು. ಮತ್ತೆ ಬೀದಿಗೆ ಬಂದಾಗ, ಗಾರೆ ಮೆತ್ತುವ ಕರಣೆ ಮರೆತು, ಅದನ್ನು ಒಯ್ಯಲು ಬಂದ ಹುಸೇನಸಾಬ ಮಾಡಿನ ಕಡೆ ನೋಡುತ್ತ ನಿಂತಿದ್ದ.

“ಮಾಸ್ತರ, ಎರಡೂ ಒಲಿ ಹೊತ್ಯಾವಲ್ರಿ! ಬೀಗರು ಬಂದಾರೇನ?”

“ಹೌದು, ಬಂದಾರ” ಎಂದೆ. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಪಾಠ ಹೇಳಿದ ಬಾಯಿ.

ಸಂಜೆ ಆರೂಕಾಲು. ಎಡಕ್ಕೊಂದು ಹೊಗೆ, ಬಲಕ್ಕೊಂದು ಹೊಗೆ, ಎರಡೂ ಒಂದೇ ಎತ್ತರ. ನೋಡಿ ಖಾತ್ರಿ ಮಾಡಿಕೊಂಡೆ. ಬೆವರು ಒರೆಸಿಕೊಂಡು ಊಟಕ್ಕೆ ಕೂತೆ.