ಕಣ್ಗೂಡು ಮುರಿದ ಭಾವ ಹಲ್ಲು ಎಣಿಸಿದ್ದು

ಕಣ್ಣಿಗೆ ಏಟು ತಿಂದು ಬಂದವರು ನಗಿಸಿದಷ್ಟು ಯಾವ ನಾಟಕದವರೂ ನನ್ನನ್ನು ನಗಿಸಿಲ್ಲ. ಹಾಸನದ ಆಸ್ಪತ್ರೆಯೊಂದರಲ್ಲಿ ಗಾಯ ತೊಳೆದು ಪಟ್ಟಿ ಕಟ್ಟೋ ಕೆಲಸ ನಂದು. ಓದು ಹತ್ತದಿದ್ದರೇನು, ಬಾಗಿಲಲ್ಲೇ ಮುಖ ನೋಡಿ ಯಾವ ಮೂಳೆ ಹೋಗಿದೆ ಅಂತ ಹೇಳಿಬಿಡುತ್ತಿದ್ದೆ. ಡಾಕ್ಟರು ಆಮೇಲೆ ನೋಡಿ ಹೌದು ಅನ್ನೋರು.

ಇಸವಿ ಅರವತ್ತರ ಆಸುಪಾಸಿನಲ್ಲಿ ನಮ್ಮಕ್ಕನ ಗಂಡನೇ ಬಂದ. ಹೊಳೆನರಸೀಪುರದ ಕಡೆ ಹಳೇಕೋಟೆಯ ದನದ ದಲ್ಲಾಳಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳೋದೇ ಅವನ ಅನ್ನ. ಹಾಗೆ ನೋಡುವಾಗ ಹೋರಿಯೊಂದು ತಲೆ ಕೊಡವಿ, ಕೊಂಬಿನ ಬುಡ ಬಡಿದು ಭಾವನ ಕಣ್ಗೂಡಿನ ಮೂಳೆ ಮುರಿದಿತ್ತು.

ಸೀಟಿದ ಮೂಗು

"ಮೂಗು ಸೀಟಬೇಡ" ಅಂದರು ಡಾಕ್ಟರು. ಅವರು ಬೆನ್ನು ತಿರುಗಿಸಿದ್ದೇ ತಡ, ಭಾವ ಸೀಟಿದ. ಮುರಿದ ಸಂದಿಯಲ್ಲಿ ಗಾಳಿ ನುಗ್ಗಿ ರೆಪ್ಪೆ ಪೂರಿಯ ಹಾಗೆ ಉಬ್ಬಿತು. ಒತ್ತಿದರೆ ಕಡ್ಲೆಪುರಿ ಚೀಲ ಅದುಮಿದಂತೆ ಚರಚರ. ವಾರ್ಡಿನವರೆಲ್ಲ ಸಾಲು ನಿಂತು ಒತ್ತಿ ನೋಡಿದರು. ಆ ಸದ್ದು ಚನ್ನರಾಯಪಟ್ಟಣಕ್ಕೆ ಕೇಳಿಸಿತು ಅಂದರೆ ನೀವು ನಂಬೋದಿಲ್ಲ. ಅರ್ಧ ದಾರಿವರೆಗಂತೂ ಕೇಳಿಸಿತ್ತು.

ಜೋಮು ಕೆನ್ನೆ

ಮೂಳೆ ಜೊತೆ ನರವೂ ನಜ್ಜಿ ಆ ಕಡೆಯ ಕೆನ್ನೆ ಜೋಮು ಹಿಡಿದಿತ್ತು. ಅಕ್ಕ ಬಂದವಳೇ, "ಬ್ಯಾಡ ಅಂದ್ರೂ ಸೀಟಿದ್ಯಾ?" ಅಂತ ಅದನ್ನೇ ಹಿಂಡಿದಳು. ಭಾವ ನಗುತ್ತಾ ಕೂತಿದ್ದ.

"ನಿಮ್ ಭಾವುನ್ಗೆ ಬುದ್ಧಿಗೂ ಏಟು ಬಿದ್ದದೆ ಕಣ್ಲಾ" ಅಂತ ಅತ್ತಳು.

ಮಾರನೇ ದಿನದಿಂದ ಅಕ್ಕ ಬಾಯಿ ತೆರೆದರೆ ಸಾಕು, ಭಾವ ಆ ಕೆನ್ನೆಯನ್ನೇ ಮುಂದೆ ಮಾಡೋನು.

ಅರ್ಧದ ಉಪಾಯ

ಊತ ಇಳಿದ ಮೇಲೆ ಒಂದು ಎರಡಾಗಿ ಕಾಣತೊಡಗಿತು. "ಹದಿನೈದು ದಿನ ಕಾಯೋಣ. ಆಗಲೂ ಹೀಗೇ ಇದ್ದರೆ ಮೈಸೂರಲ್ಲಿ ಕುಯ್ದು ಮೂಳೆ ಎತ್ತಿಸಬೇಕು" ಅಂದರು ಡಾಕ್ಟರು.

ಭಾವ ನನ್ನನ್ನು ಪಕ್ಕಕ್ಕೆ ಎಳಕೊಂಡ. "ಕುಯ್ದ್ರೆ ಕಣ್ಣೇ ಓಯ್ತದೆ ಕಣ್ಲಾ. ಹಲ್ಲು ನೋಡಾಕಾಗ್ದಿದ್ರೆ ಸಂತೇಲಿ ನನ್ನ ಯಾರು ಕರೀತಾರೆ?"

ನಾನಿರುವಾಗ ಭಯವೇ? "ಕಂಡಿದ್ರಲ್ಲಿ ಅರ್ಧ ಹೇಳು ಭಾವ" ಅಂದೆ.

ಡಾಕ್ಟರು ಎರಡು ಬೆರಳು ತೋರಿಸಿದರು. ನಾಲ್ಕು ಕಂಡವನು "ಎರಡು ಸಾ" ಅಂದ. ಡಾಕ್ಟರು ಖುಷಿಯಾಗಿ, "ಮನೆಗೆ ಹೋಗಿ ಗಡುವಿನ ದಿನ ಬಾ. ಮಕ್ಕಳೆಷ್ಟಪ್ಪ?" ಅಂದರು. ನಾಲ್ಕು ಮಕ್ಕಳ ತಂದೆ, ಅಕ್ಕನ ಎದುರಿಗೇ, "ಎರಡು ಸಾ" ಅಂದುಬಿಟ್ಟ.

ಕೊಣನೂರು ಸಂತೆ

ಗಡುವಿನ ಹಿಂದಿನ ದಿನ ಕೊಣನೂರು ಸಂತೆ. ನಾನೂ ಜೊತೆಗೆ ಹೋದೆ. ಅರಕಲಗೂಡಿನ ಒಬ್ಬ ರೈತ ಹೋರಿ ತಂದಿದ್ದ. ದನಕ್ಕೆ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರೋದು ವರ್ಷಕ್ಕೊಂದು ಜೋಡಿಯಂತೆ: ಎರಡು, ನಾಲ್ಕು, ಆರು, ಎಂಟು. ಭಾವ ತುಟಿ ಎಳೆದು ನೋಡಿ ಗಂಭೀರವಾಗಿ ಹೇಳಿದ: "ಒಂದು ಹಲ್ಲು."

ಸುತ್ತಲಿನವರೆಲ್ಲ ಗೊಳ್ಳೆಂದರು. ನಾನು ಕಿವಿಯಲ್ಲಿ, "ಎಷ್ಟು ಕಾಣ್ತವೆ ಭಾವ?" ಅಂದೆ.

"ಎರಡು ಕಾಣ್ತವೆ. ಅದ್ಕೇ ಒಂದು ಅಂದೆ."

ನಾನೇ ತುಟಿ ಎಳೆದು ನೋಡಿದೆ. "ಇರೋದೇ ಎರಡು ಕಣ್ ಭಾವ! ಕಣ್ಣು ವಾಸಿ ಆಗೈತೆ!"

ಭಾವ ನನ್ನನ್ನು ನೋಡಿದ, ಹೋರಿಯನ್ನು ನೋಡಿದ. ಎಲ್ಲಾ ಒಂದೊಂದೇ. ಹೋರಿಯ ಕುತ್ತಿಗೆ ತಬ್ಬಿಕೊಂಡು ಗೊಳೋ ಅಂತ ಅತ್ತ.

ಹೋರಿಯ ಯಜಮಾನ ಅವನ ಬೆನ್ನು ಸವರಿ, "ಅಳಬ್ಯಾಡ ಕಣಣ್ಣ, ಬರೋ ವರ್ಷ ಇನ್ನೆರಡು ಬತ್ತವೆ" ಅಂದ.