ಚಿಯಾ ಬೀಜವನ್ನು ಇಷ್ಟಪಟ್ಟು ತಿಂದ ಪ್ರಕರಣ ಹಾಗೂ ತತ್ಸಂಬಂಧಿ ಸೂಚನೆಗಳು

ವಿಭಾಗೀಯ ಕಚೇರಿ, ಬಳ್ಳಾರಿ
(ಇಲಾಖೆಯ ಹೆಸರು ಪರಿಷ್ಕರಣೆಯಲ್ಲಿದೆ)

ಸಂಖ್ಯೆ: ಬೆಉ/ಚಿಯಾ/ನೆನೆಸು/ತಿದ್ದುಪಡಿ/2024-25

ಸುತ್ತೋಲೆ

ವಿಷಯ: ಬೆಳಗಿನ ಉಪಾಹಾರದಲ್ಲಿ ಚಿಯಾ ಬೀಜ ಸೇವಿಸುವಾಗ ಸಿಬ್ಬಂದಿಯು ಸಂತೋಷಪಡುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: 1) ಚಿಯಾ ಬೀಜವನ್ನು ಕಡ್ಡಾಯಗೊಳಿಸಿದ ಈ ಕಚೇರಿಯ ಹಿಂದಿನ ಸುತ್ತೋಲೆ.
2) ಕುರುಗೋಡು ಶಾಖೆಯ ಮುಖ್ಯಸ್ಥ ಶ್ರೀ ಅಮರೇಶ್ ಅವರ ದೂರು.
3) ವಿಚಾರಣಾಧಿಕಾರಿಗಳ ವರದಿ (ಒಂದು ಮೂಲೆಯಲ್ಲಿ ಮೊಸರಿನ ಕಲೆ ಇದೆ).

* * *

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಶಾಖೆಗಳ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಕಳೆದ ಆರೋಗ್ಯ ತಪಾಸಣೆಯಲ್ಲಿ ಈ ಕಚೇರಿಯ ಬಹುತೇಕರ ಬೆಳಗಿನ ಆಹಾರವು ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಬಜ್ಜಿ ಎಂದೂ, ಅದರ ನಂತರದ ಆಹಾರವು ಇನ್ನೊಂದು ಮಿರ್ಚಿ ಎಂದೂ ಕಂಡುಬಂದಿತ್ತು. ಇದರಿಂದ ಕಳವಳಗೊಂಡ ಮಾನ್ಯ ಉಪನಿರ್ದೇಶಕರು, ಪ್ರತಿಯೊಬ್ಬ ನೌಕರನೂ ಬರೀ ನೀರಿನಲ್ಲಿ ನೆನೆಸಿದ ಚಿಯಾ ಬೀಜವನ್ನು ಹಾಜರಾತಿಗೆ ಸಹಿ ಹಾಕುವ ಮುನ್ನ ನಿಂತುಕೊಂಡು, ಔಷಧಿಯಂತೆ ಸೇವಿಸತಕ್ಕದ್ದು ಎಂದು ಉಲ್ಲೇಖ (1)ರಲ್ಲಿ ಆದೇಶಿಸಿದ್ದರು. ಉಪ್ಪು, ಬೆಲ್ಲ, ನಿಂಬೆಹಣ್ಣು ಮತ್ತು ಮುಖ ಸಿಂಡರಿಸುವುದನ್ನು ನಿಷೇಧಿಸಲಾಗಿತ್ತು.

ಸದರಿ ಆದೇಶವು ಮೂರೂ ಶಾಖೆಗಳಲ್ಲಿ ಯಶಸ್ವಿಯಾಗಿ ಜಾರಿಗೊಂಡಿದೆಯೆಂದು ವರದಿಗಳು ಬಂದವು. ಕುರುಗೋಡು ಶಾಖೆಯ ಕಿಟಕಿಯ ಹೂಕುಂಡದಲ್ಲಿ ಮಾತ್ರ ಯಾರೂ ನೆಡದ ಸಸಿಗಳು ದಟ್ಟವಾಗಿ ಮೊಳೆತವು. ಶ್ರೀ ಅಮರೇಶ್ ಅವರು ಇದನ್ನು ಹಸಿರೀಕರಣ ಎಂದು ವರದಿ ಮಾಡಿ, ಪ್ರಶಂಸಾ ಪತ್ರವನ್ನೂ ಪಡೆದಿರುತ್ತಾರೆ.

ಬಳ್ಳಾರಿ ಕಚೇರಿಯ ಅಧೀಕ್ಷಕರೂ ಸತ್ಯನಾರಾಯಣಪೇಟೆಯ ನಿವಾಸಿಯೂ ಆದ ಶ್ರೀ ರಘೋತ್ತಮ ಅವರ ವಿಷಯ ಬೇರೆಯಾಗಿತ್ತು. ಸಕ್ಕರೆ ಕಾಯಿಲೆ ಇರುವ ಸದರಿಯವರು ವೈದ್ಯರ ಮಾತಿನಂತೆ ಮಿರ್ಚಿಯನ್ನು ಬಿಟ್ಟಿದ್ದರು. ಚಿಯಾ ನೀರು ಗಂಟಲಲ್ಲಿ ಇಳಿಯದ ಕಾರಣ ಅದನ್ನೂ ಬಿಟ್ಟಿದ್ದರು. ಹೀಗೆ ಎರಡನ್ನೂ ಬಿಟ್ಟು, ಮಾತ್ರೆಯನ್ನು ಮಾತ್ರ ಬಿಡದೆ, ದಿನವೂ ಖಾಲಿ ಹೊಟ್ಟೆಯಲ್ಲಿ ಕಚೇರಿಗೆ ಬರುತ್ತಿದ್ದು, ಒಂದು ದಿನ ಕಡತವನ್ನು ಎದೆಗವಚಿಕೊಂಡೇ ಮೆಟ್ಟಿಲಿನ ಮೇಲೆ ಬಿದ್ದರು. ಕಡತಕ್ಕೆ ಯಾವುದೇ ಹಾನಿಯಾಗಿರುವುದಿಲ್ಲ. ಧಾವಿಸಿ ಬಂದ ಅವರ ಮಗಳು ಕುಮಾರಿ ಸಂಪದಾ ಆಡಿದ ಮಾತುಗಳನ್ನು ಇದ್ದಂತೆಯೇ ದಾಖಲಿಸಿದೆ: “ಅಪ್ಪಾ, ಸೇರಂಗಿಲ್ಲ ಅಂದ್ರ ಸೇರಂಗಿಲ್ಲ ಅಂತ ಹೇಳ್ರಿ. ಮಾತ್ರಿ ನುಂಗಿ ಉಪಾಸ ಯಾಕ ಬರ್ತೀರಿ? ಏನರೆ ಆದ್ರ ನಾ ಯಾರ ಹತ್ರ ಹೋಗ್ಲಿ?”

ವೈದ್ಯರು ಸಂಪೂರ್ಣ ವಿಶ್ರಾಂತಿ ಸೂಚಿಸಿದ್ದರಿಂದ, ಅಧೀಕ್ಷಕರನ್ನು ವಿಚಾರಣಾಧಿಕಾರಿಯಾಗಿ ನೇಮಿಸಿ ಒಂದು ವಿಚಾರಣೆಯನ್ನು ವಹಿಸಲಾಯಿತು.

ವಿಚಾರಣೆಯ ಹಿನ್ನೆಲೆ: ಸಭೆಗೆಂದು ಸಿರುಗುಪ್ಪಕ್ಕೆ ಹೋಗಿದ್ದ ಶ್ರೀ ಅಮರೇಶ್ ಅವರು, ಅಲ್ಲಿನ ದ್ವಿತೀಯ ದರ್ಜೆ ಸಹಾಯಕ ಶ್ರೀ ಉಚ್ಚೆಂಗೆಪ್ಪ ಅವರು ಕಚೇರಿಯ ಹಿಂದಿನ ಕಟ್ಟೆಯ ಮೇಲೆ ಕುಳಿತು, ಡಬ್ಬಿಯೊಂದರಿಂದ ಚಿಯಾ ಬೀಜವನ್ನು ಕಣ್ಣು ಮುಚ್ಚಿ ತಿನ್ನುತ್ತಿದ್ದುದನ್ನೂ, ಕೊನೆಯಲ್ಲಿ ಬೆರಳು ಚೀಪಿದ್ದನ್ನೂ ಕಂಡಿರುತ್ತಾರೆ. ಔಷಧಿಯನ್ನು ಯಾರೂ ಬೆರಳು ಚೀಪಿ ಸೇವಿಸುವುದಿಲ್ಲವಾದ್ದರಿಂದ, ಇದು ಕರ್ತವ್ಯದ ವೇಳೆಯಲ್ಲಿ ಪಟ್ಟ ಸಂತೋಷವೆಂದು ಉಲ್ಲೇಖ (2)ರಲ್ಲಿ ದೂರಲಾಯಿತು. ಆರೋಪ ಸಾಬೀತಾದಲ್ಲಿ ಅವರನ್ನು ಜಿಲ್ಲೆಯಿಂದಾಚೆಗೆ ವರ್ಗಾಯಿಸಲು ಪ್ರಸ್ತಾಪಿಸಲಾಗಿತ್ತು. ಶ್ರೀ ಉಚ್ಚೆಂಗೆಪ್ಪ ಅವರು ತಮ್ಮ ತಾಯಿಯೊಂದಿಗೆ ಕೆಂಚನಗುಡ್ಡದಲ್ಲಿ ವಾಸವಿದ್ದು, ತಾಯಿ ಹೊಳೆಯ ದಂಡೆ ಬಿಟ್ಟು ಬೇರೆಲ್ಲೂ ಇರಲು ಒಪ್ಪುವವರಲ್ಲ.

ಶ್ರೀ ಉಚ್ಚೆಂಗೆಪ್ಪ ಅವರ ಹೇಳಿಕೆ: “ಸಾರ್, ಬರೇ ನೀರಾಗ ಕುಡಿದ್ರ ಕಪ್ಪಿ ತತ್ತಿ ನುಂಗಿದಂಗ ಆಗ್ತಿತ್ರಿ. ನಮ್ಮವ್ವಗ ಹೇಳಿದೆ. ಆಕಿ ಮಸರಿನ್ಯಾಗ ನೆನಸಿ, ತೆಳ್ಳನ ಅವಲಕ್ಕಿ ಕಲಸಿ, ಒಗ್ಗರಣಿ ಕೊಟ್ಲು. ನನಗ ಇಷ್ಟ ಆತ್ರಿ. ಆರ್ಡರಿನ್ಯಾಗ ತಿನ್ನು ಅಂತ ಐತಿ, ತಿಂದೀನಿ. ಇಷ್ಟ ಪಡಬ್ಯಾಡ ಅಂತ ಎಲ್ಲೈತ್ರಿ?”

ಸದರಿ ಪ್ರಶ್ನೆಗೆ ಮೂಲ ಸುತ್ತೋಲೆಯಲ್ಲಿ ಉತ್ತರ ಸಿಗದ ಕಾರಣ, ವಿಚಾರಣಾಧಿಕಾರಿಗಳು ಮರುದಿನ ಬೆಳಿಗ್ಗೆ ಸ್ಥಳ ಪರಿಶೀಲನೆಗಾಗಿ ಕೆಂಚನಗುಡ್ಡಕ್ಕೆ ತೆರಳಿದರು. ಆ ದಿನವೂ ಅವರು ಏನನ್ನೂ ತಿಂದಿರಲಿಲ್ಲ.

ಶ್ರೀ ಉಚ್ಚೆಂಗೆಪ್ಪ ಅವರ ತಾಯಿ ಶ್ರೀಮತಿ ಸುಂಕಮ್ಮ ಬಾಗಿಲಲ್ಲೇ ವಿಚಾರಣಾಧಿಕಾರಿಗಳ ವಿಚಾರಣೆಯನ್ನು ಆರಂಭಿಸಿದರು: “ಏನ್ರಿ ಸಾಹೇಬ್ರ, ನನ್ನ ಮಗ ಕಳವು ಮಾಡ್ಯಾನೇನ್ರಿ?”

“ಇಲ್ಲಮ್ಮ. ಚಲೋ ಅದ ಅಂತ ತಿಂದಾನಂತ” ಎಂದು ವಿಚಾರಣಾಧಿಕಾರಿಗಳು ಸ್ಪಷ್ಟಪಡಿಸಿದರು.

“ಚಲೋ ಇದ್ರ ಚಲೋ ಅಂತ ತಿನ್ನಬೇಕಲ್ರಿ ಮತ್ತ! ಅಳಕೋಂತ ತಿನ್ನಬೇಕೇನು?”

ನಂತರ ಶ್ರೀಮತಿ ಸುಂಕಮ್ಮ ಬೇವಿನ ಮರದ ಕೆಳಗೆ ಒಂದು ಕುರ್ಚಿ ಹಾಕಿ, “ಇಲ್ಲೇ ಹೊರಗ ಕುಂದರ್ರಿ, ಇಲ್ಲಿಗೇ ತಂದು ತೋರಿಸ್ತೀನಿ. ನಿಮ್ಮಂಥೋರು ನಮ್ಮ ಮನಿಯಾಗ ಉಣ್ಣಂಗಿಲ್ಲ, ಗೊತ್ತೈತ್ರಿ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲವೆಂದು ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಲಾಗಿದೆ. ಈ ಅಂಶದ ಬಗ್ಗೆ ಇಲಾಖೆಯ ನಿಯಮಗಳಲ್ಲಿ ಏನೂ ಕಂಡುಬಾರದ ಕಾರಣ ವಿಚಾರಣಾಧಿಕಾರಿಗಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಲೆಯ ಹತ್ತಿರ ನೆಲದ ಮೇಲೆ ಕುಳಿತು, “ಹಾಕ್ರಿ ಅಮ್ಮ, ಹಸಿವಿ ಆಗ್ಯದ” ಎಂದರು. ಕುರ್ಚಿಯ ಮೇಲೆ ಒಂದು ಕೋಳಿ ಕುಳಿತಿತು.

ಸಾಕ್ಷ್ಯದ ವಿವರ: ಮೊಸರಿನಲ್ಲಿ ನೆನೆದ ಚಿಯಾ, ತೆಳ್ಳನೆಯ ಅವಲಕ್ಕಿ, ಹುರಿದ ಶೇಂಗಾ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ. ಮೊದಲ ತಟ್ಟೆಯಿಂದ ಆರೋಪವು ಭಾಗಶಃ ಸಾಬೀತಾಯಿತು. ಪೂರ್ಣ ಸಾಬೀತಿಗಾಗಿ ಎರಡನೆಯ ತಟ್ಟೆ ಕೇಳಿ ಪಡೆಯಲಾಯಿತು. ಈ ವೇಳೆ ವಿಚಾರಣಾಧಿಕಾರಿಗಳ ಕಣ್ಣಲ್ಲಿ ನೀರು ಬಂದಿದ್ದು, ಅದಕ್ಕೆ ಮೆಣಸಿನಕಾಯಿಯೇ ಕಾರಣವೆಂದು ಸ್ವತಃ ಅವರೇ ದೃಢೀಕರಿಸಿದ್ದಾರೆ. “ನಿಧಾನ ಉಣ್ರಿ, ಇನ್ನೂ ಐತಿ” ಎಂದು ಶ್ರೀಮತಿ ಸುಂಕಮ್ಮ ಸೂಚಿಸಿದ್ದು, ಸದರಿ ಸೂಚನೆಯನ್ನು ಪಾಲಿಸಲಾಯಿತು.

ವರದಿಯೊಂದಿಗೆ ಸಲ್ಲಿಸಲಾದ ಒಂದು ಡಬ್ಬಿ ಸಾಕ್ಷ್ಯವನ್ನು ಮಾನ್ಯ ಉಪನಿರ್ದೇಶಕರು ಬಾಗಿಲು ಹಾಕಿಕೊಂಡು ಪರಿಶೀಲಿಸಿದರು. ಡಬ್ಬಿಯು ಖಾಲಿಯಾಗಿ, ತೊಳೆದಷ್ಟು ಸ್ವಚ್ಛವಾಗಿ ಹೊರಬಂತು. ಸಾಕ್ಷ್ಯವೇ ಉಳಿಯದ ಕಾರಣ ಶ್ರೀ ಉಚ್ಚೆಂಗೆಪ್ಪ ಅವರ ವರ್ಗಾವಣೆ ಪ್ರಸ್ತಾವನೆಯನ್ನು ಕೈಬಿಡಲಾಗಿದೆ.

ಆದುದರಿಂದ ಈ ಮೂಲಕ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ಚಿಯಾ ಬೀಜದ ಕಡ್ಡಾಯವನ್ನು ಹಿಂಪಡೆಯಲಾಗಿದೆ. ಸೇರುವವರು ಸೇರುವ ರೀತಿಯಲ್ಲಿ ತಿನ್ನತಕ್ಕದ್ದು. ಸೇರದವರು ಜೋಳದ ರೊಟ್ಟಿ, ಮೊಳಕೆ ಹೆಸರು, ರಾಗಿ ಅಂಬಲಿ, ಪೇರಲಹಣ್ಣು ಮುಂತಾದವುಗಳಲ್ಲಿ ತಮಗೂ ವೈದ್ಯರಿಗೂ ಒಪ್ಪಿಗೆಯಾದುದನ್ನು ತಿನ್ನತಕ್ಕದ್ದು. ಏನನ್ನೂ ತಿನ್ನದೆ ಮೆಟ್ಟಿಲು ಹತ್ತತಕ್ಕದ್ದಲ್ಲ.

2. ತಿನ್ನುವಾಗ ಕಣ್ಣನ್ನು ಅರ್ಧ ಮುಚ್ಚಲು ಯಾರ ಅನುಮತಿಯೂ ಬೇಕಿಲ್ಲ. ಪೂರ್ತಿ ಮುಚ್ಚುವವರು ಅರ್ಧ ದಿನದ ರಜೆಗೆ ಅರ್ಜಿ ಸಲ್ಲಿಸತಕ್ಕದ್ದು.

3. ‘ಆಹಾ’ ಎನ್ನುವುದು ನೌಕರನ ವಿವೇಚನೆಗೆ ಬಿಟ್ಟದ್ದು. ‘ಆಹಾಹಾ’ ಎನ್ನಲು ಶಾಖಾ ಮುಖ್ಯಸ್ಥರ ಪೂರ್ವಾನುಮತಿ ಅಗತ್ಯ. ಅನುಮತಿ ಬರುವವರೆಗೆ ತುತ್ತನ್ನು ಬಾಯಲ್ಲೇ ತಡೆಹಿಡಿಯತಕ್ಕದ್ದು.

4. ನೆನೆಸಿದ ಬೀಜವು ಉಬ್ಬಿ ಪಾತ್ರೆಯಿಂದ ಹೊರಬಂದಲ್ಲಿ ಅದನ್ನು ಸರ್ಕಾರಿ ಜಾಗದ ಒತ್ತುವರಿ ಎಂದು ಭಾವಿಸಿ ನೋಟಿಸು ನೀಡತಕ್ಕದ್ದಲ್ಲ. ಬೀಜಕ್ಕೆ ಓದಲು ಬರುವುದಿಲ್ಲ.

5. ಹಲ್ಲಿನ ಸಂದಿಯಲ್ಲಿ ಬೀಜ ಸಿಕ್ಕಿಕೊಂಡ ಅಧಿಕಾರಿಗೆ ಅಧೀನ ಸಿಬ್ಬಂದಿಯು ತಮ್ಮ ಹಲ್ಲು ತೋರಿಸಿ ಸೂಚ್ಯವಾಗಿ ತಿಳಿಸತಕ್ಕದ್ದು. ಇದನ್ನು ನಗು ಎಂದು ತಪ್ಪು ತಿಳಿದು ಅಧಿಕಾರಿಯು ಮರಳಿ ನಕ್ಕಲ್ಲಿ ಸಭೆಯನ್ನು ಮುಂದೂಡತಕ್ಕದ್ದು.

6. ಚಿಯಾ ಎಂದು ತಿಳಿದು ಕಾಮಕಸ್ತೂರಿ ಬೀಜವನ್ನು ತಿಂದವರು ತಮಗೆ ಲಭಿಸಿದ ಆರೋಗ್ಯವನ್ನು ತಾತ್ಕಾಲಿಕವೆಂದು ಪರಿಗಣಿಸತಕ್ಕದ್ದು.

7. ಚಿಯಾ ಬೀಜವು ಧಾನ್ಯವೋ ಅಲ್ಲವೋ ಎಂಬ ಬಗ್ಗೆ ಸತ್ಯನಾರಾಯಣಪೇಟೆಯ ಹಿರಿಯರಲ್ಲಿ ಒಮ್ಮತ ಮೂಡಿಲ್ಲ. ಆದ್ದರಿಂದ ಏಕಾದಶಿ ಆಚರಿಸುವವರು ಅಂದು ಬೀಜವನ್ನು ನೆನೆಸಿ, ನೋಡಿ, ದ್ವಾದಶಿಯಂದು ತಿನ್ನಲು ಅಡ್ಡಿಯಿಲ್ಲ. ನೋಡುವಾಗ ಬಾಯಲ್ಲಿ ನೀರೂರಿದಲ್ಲಿ ಅದನ್ನು ವ್ರತಭಂಗವೆಂದು ಈ ಕಚೇರಿಯು ಭಾವಿಸುವುದಿಲ್ಲ.

8. ಮಿರ್ಚಿಯ ಮೇಲೆ ಚಿಯಾ ಉದುರಿಸಿದ ಮಾತ್ರಕ್ಕೆ ಅದು ಆರೋಗ್ಯಕರ ಆಹಾರವಾಗುವುದಿಲ್ಲ. ಬಳ್ಳಾರಿ ಕಚೇರಿಯಲ್ಲಿ ಈ ಕುರಿತು ನಡೆದ ಪ್ರಯೋಗಗಳನ್ನು, ಫಲಿತಾಂಶ ರುಚಿಕರವಾಗಿದ್ದರೂ, ಈ ಕೂಡಲೇ ನಿಲ್ಲಿಸತಕ್ಕದ್ದು.

ಸದರಿ ಸೂಚನೆಗಳನ್ನು ಉಲ್ಲಂಘಿಸಿದವರಿಗೆ ಹಿಂದಿನ ಸುತ್ತೋಲೆಯ ಪ್ರಕಾರ ಬರೀ ನೀರಿನಲ್ಲಿ ನೆನೆಸಿದ್ದನ್ನೇ ಕುಡಿಸಲಾಗುವುದು.

ಸಹಿ/-
(ರಘೋತ್ತಮ)
ಅಧೀಕ್ಷಕರು ಹಾಗೂ ವಿಚಾರಣಾಧಿಕಾರಿಗಳು
ಉಪನಿರ್ದೇಶಕರ ಪರವಾಗಿ
(ಮಾನ್ಯ ಉಪನಿರ್ದೇಶಕರ ಬಾಯಲ್ಲಿ ತುತ್ತು ಇದ್ದುದರಿಂದ ತಲೆಯಾಡಿಸಿ ಅನುಮೋದಿಸಿರುತ್ತಾರೆ)

ಪ್ರತಿಗಳು:

1. ಶ್ರೀ ಅಮರೇಶ್, ಕುರುಗೋಡು ಶಾಖೆ: ಹೂಕುಂಡಕ್ಕೆ ಇನ್ನು ಮುಂದೆ ಬರೀ ನೀರು ಹಾಕಲು ಕೋರಿದೆ.
2. ಶ್ರೀ ಉಚ್ಚೆಂಗೆಪ್ಪ, ಸಿರುಗುಪ್ಪ ಶಾಖೆ: ಮಾಹಿತಿಗಾಗಿ. ಬೆರಳು ಚೀಪುವ ವಿಷಯವು ಪರಿಶೀಲನೆಯಲ್ಲಿದೆ.
3. ಸೂಚನಾ ಫಲಕ: ಮೊಸರು ಒರೆಸಿ ಅಂಟಿಸುವುದು.
4. ಶ್ರೀಮತಿ ಸುಂಕಮ್ಮ, ಕೆಂಚನಗುಡ್ಡ: ವಿಚಾರಣೆ ಮುಗಿದಿದೆ. ಆದಾಗ್ಯೂ ಬರುವ ಭಾನುವಾರ ಮತ್ತೆ ಬರಲಾಗುವುದು. ಮಗಳನ್ನೂ ಕರೆತರಲಾಗುವುದು.